ಖಾಲಿ ಚೀಟಿಯ ವಾಸನೆ

ಆ ವರ್ಷ ಮೈಸೂರಿನವರು ಬೆಳಿಗ್ಗೆ ಎದ್ದು ಮಾಡುತ್ತಿದ್ದ ಮೊದಲ ಕೆಲಸ ಒಂದು ಚೀಟಿಯನ್ನು ಮೂಸುವುದು. ಹಾಗೆಂದು ಸರ್ಕಾರವಾದರೂ ನಂಬಿಕೊಂಡಿತ್ತು.

ಚೀಟಿ ಹಳೇ ಕಾಲದ ಬಸ್ ಟಿಕೆಟ್ಟಿನಷ್ಟು. ಮೇಲೊಂದು ಬೆಳ್ಳಿ ಬಣ್ಣದ ಪೊರೆ. ಅದನ್ನು ಕಿತ್ತು ಮೂಗಿನ ಹತ್ತಿರ ಹಿಡಿದರೆ ಮಲ್ಲಿಗೆಯದೋ ಲವಂಗದ್ದೋ ನಿಂಬೆಯದೋ ತೀರಾ ಸಣ್ಣ ವಾಸನೆ ಬರಬೇಕು. ಬಂದರೆ ಫೋನಿನಲ್ಲಿ ‘ಬಂತು’ ಒತ್ತಿ ಕೆಲಸಕ್ಕೆ ಹೊರಡುವುದು. ಬರದಿದ್ದರೆ ‘ಬರಲಿಲ್ಲ’ ಒತ್ತಿ ಮನೆಯಲ್ಲಿ ಕೂರುವುದು. ಇಲಾಖೆ ಇದಕ್ಕೆ ‘ದೈನಂದಿನ ಘ್ರಾಣ ಪರೀಕ್ಷಾ ಪಟ್ಟಿಕೆ’ ಎಂದು ಹೆಸರಿಟ್ಟಿತು. ಜನ ಮೂಗುಚೀಟಿ ಎಂದರು. ಇಲಾಖೆಯ ಹೆಸರು ಲಕೋಟೆಯ ಮೇಲೆ ಮಾತ್ರ ಉಳಿಯಿತು.

ಇಂಥದ್ದೊಂದು ಬೇಕಾಗಿತ್ತು. ಆ ವರ್ಷ ಬಂದದ್ದು ಮೊದಲ ಮಹಾಮಾರಿಯ ಕೊರೊನಾ ವೈರಸ್ಸಿನ ಮರಿಮಗ ಎನ್ನಬಹುದಾದ ತಳಿ. ಮುತ್ತಾತನಷ್ಟು ಕ್ರೂರಿಯಲ್ಲ, ಆದರೆ ಅವನಿಗಿಂತ ದೊಡ್ಡ ಕಳ್ಳ. ಜ್ವರ, ಕೆಮ್ಮು, ಏದುಸಿರು ಎಲ್ಲ ಆಮೇಲೆ. ಮೊದಲು ಸದ್ದಿಲ್ಲದೆ ಮೂಗನ್ನು ಮಂಕು ಮಾಡುತ್ತಿತ್ತು. ಮೂಗಿನ ಮೇಲ್ಭಾಗದಲ್ಲಿ, ಎರಡು ಕಣ್ಣುಗಳ ನಡುವೆ, ವಾಸನೆ ಹಿಡಿಯುವ ನರಕೋಶಗಳಿವೆಯಲ್ಲ, ಅವುಗಳ ತಂಟೆಗೆ ವೈರಸ್ ಹೋಗುವುದಿಲ್ಲ. ಅವುಗಳ ಊಟ ಉಪಚಾರ ನೋಡಿಕೊಳ್ಳುವ ಆಸರೆ ಕೋಶಗಳು ಪಕ್ಕದಲ್ಲೇ ಇರುತ್ತವೆ. ವೈರಸ್ ಹಿಡಿಯುವುದು ಅವನ್ನು. ಅಡುಗೆಯವರು ಮಲಗಿಬಿಟ್ಟರೆ ಮದುವೆಮನೆ ಏನಾಗುತ್ತದೋ ಮೂಗಿಗೂ ಅದೇ ಆಗುತ್ತದೆ. ಅದೂ ಒಮ್ಮೆಗೇ ಅಲ್ಲ. ಸಣ್ಣ ವಾಸನೆಗಳು ಮೊದಲು ಹೋಗುತ್ತವೆ. ಹುಳಿ ಕುದಿಯುವುದು, ಪಕ್ಕದ ಮನೆಯಲ್ಲಿ ಮೀನು ಹುರಿಯುವುದು ಗೊತ್ತಾಗುತ್ತಲೇ ಇರುತ್ತದೆ. ತನಗೇನೂ ಆಗಿಲ್ಲವೆಂದುಕೊಂಡ ಮನುಷ್ಯ ಮಾರ್ಕೆಟ್ಟಿಗೂ ನಾಮಕರಣಕ್ಕೂ ಹೋಗಿ ಎಲ್ಲರಿಗೂ ಸೋಂಕು ಹಂಚಿ ಬಂದಿರುತ್ತಾನೆ. ಆ ಕಳ್ಳ ದಿನಗಳನ್ನು ಹಿಡಿಯಲೆಂದೇ ಚೀಟಿಯಲ್ಲಿ ಅಷ್ಟು ಸಣ್ಣ ವಾಸನೆ.

ಯಾವುದಾದರೂ ಬೀದಿಯಲ್ಲಿ ‘ಬರಲಿಲ್ಲ’ ಎನ್ನುವವರು ಹೆಚ್ಚಿದರೆ ಕಂಟ್ರೋಲ್ ರೂಮಿನ ಗೋಡೆಯ ಮೇಲಿದ್ದ ನಕ್ಷೆಯಲ್ಲಿ ಆ ಬೀದಿಯ ದೀಪ ಮಂಕಾಗುತ್ತಿತ್ತು. ಆ ಬೀದಿಯನ್ನಷ್ಟೇ ಕೆಲವು ದಿನ ಮುಚ್ಚಿ, ಮನೆಬಾಗಿಲಿಗೆ ದಿನಸಿ, ಔಷಧಿ ಕಳಿಸುತ್ತಿದ್ದರು. ಉಳಿದ ಊರು ತನ್ನ ಪಾಡಿಗೆ ತಾನು ದೋಸೆ ತಿಂದುಕೊಂಡು, ಜಗಳವಾಡಿಕೊಂಡು ಇರುತ್ತಿತ್ತು. ಮೊದಲ ಮಹಾಮಾರಿಯಲ್ಲಿ ದೇಶಕ್ಕೆಲ್ಲ ಒಂದೇ ಬೀಗ ಹಾಕಿದ್ದನ್ನು ಕಂಡವರಿಗೆ ಇದು ಎಷ್ಟು ದೊಡ್ಡ ಸಮಾಧಾನವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಚೀಟಿ, ನಕ್ಷೆ ಎರಡನ್ನೂ ಕಲ್ಪಿಸಿದವನು ವಿಷಕಂಠ ಎಂಬ ರಸಾಯನ ವಿಜ್ಞಾನಿ. ಐವತ್ತು ದಾಟಿದ, ಅರ್ಧ ಬೋಳಾದ, ಪೂರ್ತಿ ಸಿಡುಕಿನ ಮನುಷ್ಯ. ಇಡೀ ಊರಿನ ಮೂಗು ಕಾಯುತ್ತಿದ್ದ ಈ ಮಹಾಶಯನ ಮೂಗು ಕೆಲಸ ನಿಲ್ಲಿಸಿ ಎಂಟೊಂಬತ್ತು ವರ್ಷವಾಗಿತ್ತು. ಸಿಟ್ಟು ಮಾತ್ರ ಅದರ ತುದಿಯಲ್ಲೇ ಇತ್ತು. ಬೇರೆ ಏನೂ ಅಲ್ಲಿಗೆ ತಲುಪುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು.

*

ಮೊದಲ ಮಹಾಮಾರಿಯ ಎರಡನೇ ಅಲೆಯಲ್ಲಿ ವಿಷಕಂಠನೂ ಅವನ ತಾಯಿ ಪುಟ್ಟಗೌರಮ್ಮನೂ ಒಂದೇ ಆಸ್ಪತ್ರೆಯಲ್ಲಿದ್ದರು, ಬೇರೆ ಬೇರೆ ಮಹಡಿಯಲ್ಲಿ. ಮಗ ಎದ್ದು ಬಂದ. ತಾಯಿ ಬರಲಿಲ್ಲ. ಅವನು ಆಕ್ಸಿಜನ್ ಕೊಳವೆ ಹಾಕಿಸಿಕೊಂಡು ಮಲಗಿದ್ದಾಗಲೇ ಯಾರೋ ಗುರುತಿಲ್ಲದವರು ಅವಳನ್ನು ಸುತ್ತಿ ಕಟ್ಟಿ ಎಲ್ಲ ಮುಗಿಸಿದ್ದರು. ಮುಖ ನೋಡಲಾಗಲಿಲ್ಲ, ಬಾಯಿಗೆ ನೀರು ಬಿಡಲಾಗಲಿಲ್ಲ. ಮನೆಗೆ ಬಂದು ಅಮ್ಮನ ಕೋಣೆಯಲ್ಲಿ ನಿಂತಾಗ ಅವನಿಗೆ ಗಾಬರಿಯಾಯಿತು. ಅಮ್ಮನಂತೂ ಇಲ್ಲ, ಅಮ್ಮನ ವಾಸನೆಯೂ ಇಲ್ಲ.

“ಇದೆಯಲ್ರೀ,” ಎಂದಿದ್ದಳು ಅವನ ಹೆಂಡತಿ ಹೇಮಾವತಿ. “ನಶ್ಯದ ವಾಸನೆ ಹಂಗೇ ಇದೆ. ಗೊತ್ತಾಗ್ತಿಲ್ವಾ?”

ಗೊತ್ತಾಗಲಿಲ್ಲ. ತನ್ನ ಮೂಗು ಹೋಗಿದೆಯೆಂದು ಅವನಿಗೆ ತಿಳಿದದ್ದು ಹಾಗೆ.

ಪುಟ್ಟಗೌರಮ್ಮನಿಗೆ ನಶ್ಯದ ಚಟ. ಊರಿಗೆಲ್ಲ ಗೊತ್ತಿದ್ದ ಗುಟ್ಟು ಅದು. ಸಣ್ಣ ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರೂ ನೋಡುತ್ತಿಲ್ಲವೆಂದುಕೊಂಡು ಏರಿಸಿ, ಸೀನು ಬಂದಾಗ “ಎಂಥಾ ಧೂಳಪ್ಪಾ” ಎನ್ನುತ್ತಿದ್ದಳು. ಅವಳ ಸೀರೆಯಲ್ಲಿ ನಶ್ಯ, ಸೀಗೆಪುಡಿ, ಹರಳೆಣ್ಣೆ, ಇವುಗಳ ಅಡಿಯಲ್ಲಿ ಹೆಸರಿಲ್ಲದ ಇನ್ನೊಂದು ಇತ್ತು. ಆ ಇನ್ನೊಂದು ಪುಟ್ಟಗೌರಮ್ಮನೇ.

ಬದುಕಿದ್ದಾಗ ಅತ್ತೆಗೂ ಸೊಸೆಗೂ ಎಣ್ಣೆ ಸೀಗೆಕಾಯಿ. ಆದರೆ ಆಂಬುಲೆನ್ಸ್ ಬಂದ ದಿನ, ಉಟ್ಟ ಸೀರೆಯಲ್ಲಿ ಆಸ್ಪತ್ರೆಗೆ ಹೋಗುವುದಿಲ್ಲವೆಂದು ಹಟ ಮಾಡಿ ಪುಟ್ಟಗೌರಮ್ಮ ಬೇರೆ ಸೀರೆ ಉಟ್ಟು ಹೋಗಿದ್ದಳು. ಮಂಚದ ಮೇಲೆ ಬಿಟ್ಟುಹೋದ ಹಸಿರು ನೂಲಿನ ಸೀರೆಯನ್ನು ಬ್ಲೀಚಿಂಗ್ ಪೌಡರಿನಲ್ಲಿ ನೆನೆಹಾಕಬೇಕೆಂದು ನರ್ಸು ಹೇಳಿದ್ದರು. ಹೇಮ ನೆನೆಹಾಕಲಿಲ್ಲ. ಗೌರಿಹಬ್ಬಕ್ಕೆ ಚಕ್ಕುಲಿ ತುಂಬಿಸುತ್ತಿದ್ದ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಅದನ್ನು ಇಟ್ಟು, ಮುಚ್ಚಳ ಬಿಗಿದು, ಸುತ್ತಲೂ ಟೇಪು ಅಂಟಿಸಿದಳು.

ಅಂದಿನಿಂದ ಆ ಮನೆಯಲ್ಲಿ ಒಂದು ಪದ್ಧತಿ. ವರ್ಷಕ್ಕೊಮ್ಮೆ, ಪುಟ್ಟಗೌರಮ್ಮನ ತಿಥಿಯ ದಿನ, ಹೇಮ ಡಬ್ಬಿ ತೆಗೆದು ಒಂದೇ ಒಂದು ಸಲ ಮೂಸುತ್ತಿದ್ದಳು.

“ಇದೆಯಾ?” ಎಂದು ಅವನು ಕೇಳುತ್ತಿದ್ದ.

“ಇದೆ.”

“ನಶ್ಯಾನೂ?”

“ನಶ್ಯಾನೂ ಇದೆ.”

ಮುಚ್ಚಳ ಮತ್ತೆ ಬಿಗಿಯುತ್ತಿತ್ತು. ವಿಷಕಂಠ ಒಮ್ಮೆಯೂ ಸೀರೆಗೆ ಮೂಗಿಡಲಿಲ್ಲ. ವಾಸನೆ ಎಂದರೆ ಹಾರಿಹೋಗುವ ಅಣುಗಳು. ಡಬ್ಬಿ ತೆರೆದಾಗೆಲ್ಲ ಒಂದಿಷ್ಟು ಹೊರಟುಹೋಗುತ್ತವೆ. ಕೆಲಸಕ್ಕೆ ಬಾರದ ಮೂಗಿಗಾಗಿ ಅವನ್ನು ಪೋಲು ಮಾಡುವುದೇಕೆ ಎಂಬುದು ಅವನ ಲೆಕ್ಕಾಚಾರ. ದೇಹದ ನರಗಳ ಪೈಕಿ ವಾಸನೆಯ ನರಗಳು ಮತ್ತೆ ಮತ್ತೆ ಹೊಸದಾಗಿ ಹುಟ್ಟುತ್ತವೆ, ಒಂದಲ್ಲ ಒಂದು ದಿನ ಮೂಗು ಬರುತ್ತದೆ, ಬಂದ ದಿನ ಡಬ್ಬಿ ತೆಗೆದರೆ ಅಮ್ಮ ಇರುತ್ತಾಳೆ. ಈ ಆಸೆಯೊಂದನ್ನು ಹಿಡಿದುಕೊಂಡು ಅವನು ಪ್ರತಿದಿನ ತನ್ನದೇ ಚೀಟಿಗಳನ್ನು ಮೂಸುತ್ತಿದ್ದ. ಮೂಗಿಗೆ ಕಸರತ್ತು ಮಾಡಿಸಿದರೆ ನರಗಳು ಬೇಗ ಚಿಗುರುತ್ತವೆ ಎಂದು ಅವನೇ ಬರೆದಿದ್ದ ಲೇಖನವೊಂದಿತ್ತು.

ಈ ವರ್ಷದ ತಿಥಿ ಕಳೆದ ವಾರವಷ್ಟೇ ಆಗಿತ್ತು. ಹೇಮ ಡಬ್ಬಿ ತೆಗೆದು ಮೂಸಿದಳು. ಯಾವಾಗಿನದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಮುಖ ಒಳಗಿಟ್ಟಳು.

“ಇದೆ,” ಎಂದಳು. “ನಶ್ಯಾನೂ ಇದೆ.”

*

“ಸಾರ್, ಎಣ್ಣೆಕೇರಿಯವರು ನಮ್ಮನ್ನ ಆಟ ಆಡಿಸ್ತಿದಾರೆ,” ಎಂದಳು ನುಸ್ರತ್.

ನಕ್ಷೆ ನೋಡಿಕೊಳ್ಳುವ ಇಂಜಿನಿಯರ್ ಅವಳು, ಮಂಡಿ ಮೊಹಲ್ಲಾದ ಹುಡುಗಿ. ಇಡೀ ಕಂಟ್ರೋಲ್ ರೂಮಿನಲ್ಲಿ ವಿಷಕಂಠನ ಸಿಡುಕಿಗೆ ಹೆದರದವಳು ಅವಳೊಬ್ಬಳೇ. ಗೋಡೆಯ ನಕ್ಷೆಯಲ್ಲಿ ಎಣ್ಣೆಕೇರಿ ದೀಪಾವಳಿಯ ಹಾಗೆ ಬೆಳಗುತ್ತಿತ್ತು. ಎಲ್ಲರೂ ‘ಬಂತು’. ಆದರೆ ಆಸ್ಪತ್ರೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಅದೇ ಎಣ್ಣೆಕೇರಿಯವರು. ವಿಷಕಂಠನ ಮನೆ ಇದ್ದದ್ದೂ ಅಲ್ಲೇ.

“ನಿನ್ನೆ ಅವರಿಗೆ ಖಾಲಿ ಚೀಟಿ ಸಾರ್. ಏನ್ ಒತ್ತಿದಾರೆ ನೋಡಿ.”

ಜನ ಮೂಸದೆಯೇ ‘ಬಂತು’ ಒತ್ತಿಬಿಡಬಾರದಲ್ಲ, ಅದಕ್ಕೊಂದು ಉಪಾಯವಿತ್ತು. ಸರದಿಯಂತೆ ಒಂದೊಂದು ಬಡಾವಣೆಗೆ ಆಗಾಗ ಯಾವ ವಾಸನೆಯೂ ಇಲ್ಲದ ಖಾಲಿ ಚೀಟಿ ಕಳಿಸುತ್ತಿದ್ದರು. ಪ್ರಾಮಾಣಿಕವಾಗಿ ‘ಬರಲಿಲ್ಲ’ ಒತ್ತಿದವರಿಗೆ ‘ಇಂದಿನದು ಖಾಲಿ, ಹೆದರಬೇಡಿ’ ಎಂದು ಫೋನು ಹೇಳುತ್ತಿತ್ತು. ಬೇರೆ ಬಡಾವಣೆಗಳಲ್ಲಿ ಹೀಗೇ ಆಗಿತ್ತು. ಎಣ್ಣೆಕೇರಿಯವರು ಮಾತ್ರ ಖಾಲಿ ಚೀಟಿಯನ್ನು ಮೂಸಿ ಮನೆಮನೆಯಲ್ಲೂ ‘ಬಂತು’ ಎಂದಿದ್ದರು.

“ಇಡೀ ಕೇರೀನೇ ಸುಳ್ಳು ಹೇಳುತ್ತಾ?” ಎಂದ ವಿಷಕಂಠ.

“ಹೇಳಿದಾರಲ್ಲ ಸಾರ್. ಮೇಲಿನವರ ಫೋನ್ ಬಂದಿತ್ತು. ನಕ್ಷೆ ನಂಬೋಕಾಗಲ್ಲ ಅಂದ್ರೆ ಸೋಮವಾರದಿಂದ ಊರನ್ನೇ ಮುಚ್ತಾರಂತೆ, ಹಳೇ ಥರ.”

ಹಳೇ ಥರ ಎಂದರೆ ಏನೆಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಆಸ್ಪತ್ರೆಯ ಮಹಡಿಗಳ ನಡುವೆ ಅಡ್ಡ ಬಿದ್ದ ಬಾಗಿಲುಗಳು, ಮುಖ ನೋಡದೆ ಮುಗಿದುಹೋದ ಸಂಸ್ಕಾರಗಳು. ಅಂಥದ್ದು ಇನ್ನೊಂದು ಸಲ ಬರಬಾರದೆಂದೇ ವಿಷಕಂಠ ಈ ಚೀಟಿ ಮಾಡಿದ್ದ. ಮುಂದಿದ್ದ ಕಾಫಿಯನ್ನು ಒಂದು ಗುಟುಕು ಕುಡಿದು ಮುಖ ಕಿವುಚಿ ದೂರ ತಳ್ಳಿದ.

“ಯಾಕ್ ಸಾರ್, ಚೆನ್ನಾಗಿಲ್ವಾ?”

“ಟೈರ್ ಸುಟ್ಟ ವಾಸನೆ,” ಎಂದು ಬಾಯಿತಪ್ಪಿ ಅಂದುಬಿಟ್ಟ.

ನುಸ್ರತ್ ಕುರ್ಚಿಯನ್ನೇ ತಿರುಗಿಸಿದಳು. “ವಾಸನೆನಾ ಸಾರ್? ನಿಮಗಾ?”

“ಕೂಗ್ಬೇಡ. ನಾಲ್ಕೈದು ತಿಂಗಳಿಂದ ಹೀಗೆ. ಕಾಫಿ, ಈರುಳ್ಳಿ, ಸೋಪು, ಎಲ್ಲಾ ಒಂದೇ ಥರ ಸುಟ್ಟ ವಾಸನೆ.”

“ಅಂದ್ರೆ ನರಗಳು ಬರ್ತಿವೆ! ಹೊಸ ನರ ಬಂದು ತಪ್ಪು ಜಾಗಕ್ಕೆ ಸೇರಿಕೊಂಡ್ರೆ ಹೀಗೇ ಆಗುತ್ತೆ ಅಂತ ನೀವೇ ಪಾಠ ಮಾಡಿದ್ರಲ್ಲ. ಆಂಟಿಗೆ ಹೇಳಿದ್ರಾ?”

“ಇಲ್ಲ. ನೀನೂ ಹೇಳ್ಬೇಡ.”

ಅದಕ್ಕೊಂದು ಹಿನ್ನೆಲೆಯಿತ್ತು. ಮೂರು ನಾಲ್ಕು ವರ್ಷದ ಹಿಂದೆ ಮೂಗಿಗೆ ಹೊಡೆಯುವ ಹೊಸ ಔಷಧಿಯೊಂದರ ಪ್ರಯೋಗ ನಡೆದಾಗ ವಿಷಕಂಠ ಏನೋ ಬಂದ ಹಾಗಾಯಿತು ಎಂದಿದ್ದ. ಹೇಮ ಅಂದು ತಾನು ಪಾಠ ಹೇಳುತ್ತಿದ್ದ ಬಾಲವಾಡಿಗೆ ರಜೆ ಹಾಕಿ ಹುಳಿಯನ್ನ, ಪಾಯಸ, ಒಬ್ಬಟ್ಟು, ಹೀಚುಮಾವಿನ ಉಪ್ಪಿನಕಾಯಿ ಎಲ್ಲವನ್ನೂ ಅವನ ಮುಂದೆ ಸಾಲಾಗಿ ಇಟ್ಟು ಒಂದೊಂದೇ ಮೂಗಿಗೆ ಹಿಡಿದಿದ್ದಳು. ಯಾವುದೂ ಬರಲಿಲ್ಲ. ಕೊನೆಗೆ ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಅತ್ತದ್ದು ಅವನಿಗೆ ಕೇಳಿಸಿತ್ತು. ಮತ್ತೊಮ್ಮೆ ಅವಳನ್ನು ಹಾಗೆ ಅಳಿಸುವ ಧೈರ್ಯ ಅವನಿಗಿರಲಿಲ್ಲ.

*

ಸಂಜೆ ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಕೇಳಿದ.

“ಹೇಮ, ನಿನ್ನೆ ಚೀಟಿ ಮೂಸಿದ್ಯಾ?”

“ಮೂಸಿದೆ. ಯಾಕೆ?”

“ಏನು ಬಂತು?”

“ಗಂಧ.”

“ನಾವು ಗಂಧ ಹಾಕೋದೇ ಇಲ್ಲ ಕಣೇ. ನಿನ್ನೆದು ಖಾಲಿ ಚೀಟಿ.”

“ಖಾಲಿಯೋ ಗೀಲಿಯೋ. ನನ್ನ ಮೂಗಿಗೆ ಬಂದಿದ್ದನ್ನ ನಾನು ಹೇಳಿದೆ.” ಹೇಮಳ ಧ್ವನಿ ಏರಿತು. ಬಾಲವಾಡಿಯ ಮಕ್ಕಳನ್ನು ಹದ್ದುಬಸ್ತಿನಲ್ಲಿಡುವ ಧ್ವನಿ ಅದು. “ಇದ್ದಿದ್ದನ್ನ ಇಲ್ಲ ಅನ್ನೋಕೆ ನಾನೇನು ನಿಮ್ಮ ಥರಾನಾ, ಮೂಗಿಲ್ದೋಳಾ?”

ಅಂದ ಮೇಲೆ ಅವಳಿಗೇ ಕೆಡುಕೆನಿಸಿತು. ವಿಷಕಂಠನಿಗೆ ಅವಳು ಸುಳ್ಳು ಹೇಳುತ್ತಿಲ್ಲವೆಂದು ಖಚಿತವಾಗಿತ್ತು. ಹಾಗಾದರೆ ಖಾಲಿ ಚೀಟಿಗೆ ಗಂಧ ಬಂದದ್ದು ಎಲ್ಲಿಂದ?

“ಹೇಗೆ ಮೂಸ್ತೀಯಾ ತೋರಿಸು. ಬೆಳಿಗ್ಗೆ ಮಾಡೋ ಹಾಗೇ ಮಾಡು.”

ಗಂಡನ ತಲೆ ಕೆಟ್ಟಿದೆ ಎಂದುಕೊಂಡು ಹೇಮ ಒಂದು ಚೀಟಿ ತಂದಳು. ದೇವರ ಕೋಣೆಗೆ ಹೋಗಿ ಪೊರೆ ಕಿತ್ತಳು. ಹೂವಿನ ತಟ್ಟೆಯಲ್ಲಿ, ದೇವರ ಪಟದ ಮುಂದೆ ಚೀಟಿಯನ್ನಿಟ್ಟಳು. ದೀಪ ಹಚ್ಚಿದಳು. ಗಂಧದ ಊದುಬತ್ತಿ ಹೊತ್ತಿಸಿ ಪಟಕ್ಕೆ, ಹೂವಿಗೆ, ಚೀಟಿಗೆ ಒಂದೊಂದು ಸುತ್ತು ತಿರುಗಿಸಿದಳು. ಮಂಗಳಾರತಿಯಾದ ಮೇಲೆ ಚೀಟಿಯನ್ನು ತೆಗೆದು ಕಣ್ಣಿಗೊತ್ತಿಕೊಂಡು, ಆಮೇಲೆ ಮೂಸಿದಳು.

“ಬಂತು,” ಎಂದಳು.

ವಿಷಕಂಠ ಹೊಸ್ತಿಲ ಮೇಲೆಯೇ ಕೂತುಬಿಟ್ಟ. “ದೇವರ ಮುಂದೆ ಯಾಕೆ ಇಟ್ಟೆ?”

“ಮತ್ತೆ? ಒಳಗೆ ಮಲ್ಲಿಗೆ ಇರುತ್ತೋ ಏನಿರುತ್ತೋ. ದೇವರಿಗೆ ಏರಿಸದೆ ಮೂಸೋಕಾಗುತ್ತೇನ್ರೀ? ಅದೂ ಹೂವಿನ ಸಾಕಮ್ಮನ ಬುಟ್ಟೀಲಿ ಬಂದಿದ್ದು. ಕೇರೀಲಿ ಎಲ್ಲರೂ ಹೀಗೇ ಮಾಡೋದು.”

ಬೇರೆ ಬಡಾವಣೆಗಳಲ್ಲಿ ಚೀಟಿ ಹಾಲಿನ ಪ್ಯಾಕೆಟ್ಟಿನ ಜೊತೆ ಬರುತ್ತಿತ್ತು. ಎಣ್ಣೆಕೇರಿಯಲ್ಲಿ ಮಾತ್ರ ಮನೆಮನೆಗೆ ಹೂ ಕೊಡುವ ಸಾಕಮ್ಮನಿಗೆ ಆ ಕೆಲಸ ವಹಿಸಿದ್ದರು. ಬಾಳೆಲೆಯ ಪೊಟ್ಟಣದಲ್ಲಿ ದೇವರ ಹೂವಿನ ಜೊತೆ ಬಂದದ್ದನ್ನು ದೇವರಿಗಿಂತ ಮೊದಲು ಮೂಸುವಷ್ಟು ಧೈರ್ಯ ಆ ಕೇರಿಯಲ್ಲಿ ಯಾರಿಗೂ ಇರಲಿಲ್ಲ. ಚೀಟಿಯ ಕಾಗದವೋ, ವಾಸನೆ ಹೀರಿಕೊಳ್ಳಲೆಂದೇ ಮಾಡಿದ್ದು. ಊದುಬತ್ತಿಯ ಹೊಗೆಯನ್ನು ಹೊಟ್ಟೆ ತುಂಬ ಹೀರಿಕೊಂಡಿತ್ತು. ಅರ್ಧ ಮಂಕಾದ ಮೂಗಿಗೂ ಊದುಬತ್ತಿ ಮುಟ್ಟುತ್ತದೆ. ಸೋಂಕು ತಗುಲಿದವರೂ ಪಾಪ ಪ್ರಾಮಾಣಿಕವಾಗಿ ‘ಬಂತು’ ಒತ್ತಿ ಕೆಲಸಕ್ಕೆ ಹೋಗುತ್ತಿದ್ದರು.

ವಿಷಕಂಠನಿಗೆ ತನ್ನ ಮೇಲೇ ನಗು ಬಂತು. ಏಳೆಂಟು ವರ್ಷದವನಿದ್ದಾಗ ಪೂಜೆಯ ಹೂಬುಟ್ಟಿಗೆ ಮೂಗು ತೂರಿಸಿದ್ದಕ್ಕೆ ಅಮ್ಮ ಬೆನ್ನಿಗೆ ಸರಿಯಾಗಿ ಒಂದು ಕೊಟ್ಟು, “ದೇವರಿಗೆ ನಿನ್ನ ಎಂಜಲು ಮೂಗಿನ ಹೂವಾ?” ಎಂದಿದ್ದಳು. ಆ ಏಟು ನೆನಪಿತ್ತು. ಅದನ್ನು ಕೊಡುವಾಗ ಹತ್ತಿರ ಬಂದಿದ್ದ ಸೀರೆಯ ವಾಸನೆ ಮಾತ್ರ, ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

ಕೂಡಲೇ ನುಸ್ರತ್‌ಗೆ ಫೋನು ಮಾಡಿದ. ಚೀಟಿಯನ್ನು ದೇವರ ಮುಂದೆ ಇಡಬಾರದೆಂದು ಆಟೋದಲ್ಲಿ ಮೈಕು ಕಟ್ಟಿ ಕೂಗಿಸೋಣ ಎಂದ.

“ಕೂಗಿದ್ರೆ ಯಾರು ಕೇಳ್ತಾರೆ ಸಾರ್?” ಎಂದಳು ಅವಳು. “ಎರಡು ಚೀಟಿ ಕಳ್ಸೋಣ. ದೇವರಿಗೊಂದು, ಮೂಗಿಗೊಂದು. ದೇವರದ್ದರ ಮೇಲೆ ಕೆಂಪು ಬೊಟ್ಟು ಇಡೋಣ. ಇನ್ನೊಂದನ್ನ ಬೀದಿಗೆ ಬಂದು ಬಿಚ್ಚಿ ಮೂಸಲಿ.”

ಹಾಗೇ ಆಯಿತು. ಮಾರನೆಯ ಬೆಳಿಗ್ಗೆ ಎಣ್ಣೆಕೇರಿಯವರು ದೇವರಿಗೆ ದೇವರ ಪಾಲು ಒಪ್ಪಿಸಿ, ಬಾಗಿಲ ಮುಂದೆ ಬಂದು ನಿಂತು ಎರಡನೆಯ ಚೀಟಿ ಬಿಚ್ಚಿದರು. ಕಂಟ್ರೋಲ್ ರೂಮಿನ ಗೋಡೆಯ ಮೇಲೆ ದೀಪಗಳು ಒಂದೊಂದಾಗಿ ಮಂಕಾಗುತ್ತಾ ಹೋಗಿ, ಕೇರಿಯ ಮುಕ್ಕಾಲು ಪಾಲು ಕತ್ತಲಾಯಿತು. ಉಳಿದ ಊರು ಬೆಳಗುತ್ತಲೇ ಇತ್ತು. ಮೇಲಿನವರಿಗೆ ನಕ್ಷೆಯ ಮೇಲೆ ನಂಬಿಕೆ ಬಂತು. ಊರು ಉಳಿಯಿತು, ಎಣ್ಣೆಕೇರಿಯೊಂದಕ್ಕೆ ಅಡ್ಡಗಟ್ಟೆ ಬಿತ್ತು.

ಅಂದಿನ ಚೀಟಿಯಲ್ಲಿದ್ದದ್ದು ಲವಂಗ. ವಿಷಕಂಠನ ಮನೆಯ ಮುಂದೆ ನಿಂತು ಹೇಮ ಅದನ್ನು ಮೂಗಿಗೆ ಹಿಡಿದಳು, ತಿರುಗಿಸಿದಳು, ಮತ್ತೆ ಹಿಡಿದಳು.

“ರೀ,” ಎಂದಳು. “ಏನೂ ಬರ್ತಿಲ್ಲ.”

*

ಹೇಮ ಮಹಡಿ ಕೋಣೆ ಸೇರಿದಳು. ವಿಷಕಂಠನ ಮೂಗಿಗೆ ಕಡ್ಡಿ ಹಾಕಿ ನೋಡಿದರೆ ಸೋಂಕಿರಲಿಲ್ಲ. ಕೇರಿ ಮುಚ್ಚಿದ್ದರಿಂದ ಅವನೂ ಹೊರಗೆ ಹೋಗುವಂತಿರಲಿಲ್ಲ. ಹಜಾರದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅಲ್ಲಿಂದಲೇ ಕಂಟ್ರೋಲ್ ರೂಮ್ ನಡೆಸಿದ. ಮಧ್ಯೆ ಮಧ್ಯೆ ಅಡುಗೆಮನೆಗೆ ಓಡುತ್ತಿದ್ದ. ಎಲ್ಲದರಿಂದಲೂ ಸುಟ್ಟ ವಾಸನೆಯೇ ಬರುವವನಿಗೆ ನಿಜವಾಗಿ ಸುಟ್ಟದ್ದು ಗೊತ್ತಾಗುವುದಾದರೂ ಹೇಗೆ? ಒಗ್ಗರಣೆ ದಿನವೂ ಕರಿಕಾಗುತ್ತಿತ್ತು. ತಟ್ಟೆಯನ್ನು ಮಹಡಿ ಮೆಟ್ಟಿಲಿನ ಕೊನೆಯಲ್ಲಿಟ್ಟು, ಕೆಳಗಿಳಿದು ನಿಂತು, “ಇಟ್ಟಿದೀನಿ” ಎಂದು ಕೂಗುತ್ತಿದ್ದ.

“ಸಾರು ಕಹಿ ಕಣ್ರೀ,” ಎಂದು ಮೇಲಿನಿಂದ ಉತ್ತರ ಬರುತ್ತಿತ್ತು. “ವಾಸನೆ ಇಲ್ದೇ ಇರೋದೇ ಒಳ್ಳೇದಾಯ್ತು.”

ಮೂರನೆಯ ದಿನ ಅವಳಿಗೆ ಜ್ವರ ಏರಿತು. ಕೆಮ್ಮು ಶುರುವಾಯಿತು. ಬೆರಳಿಗೆ ಸಿಕ್ಕಿಸಿದ್ದ ಆಕ್ಸಿಜನ್ ಮೀಟರಿನ ಅಂಕಿಯನ್ನು ಅವಳು ಮೇಲಿನಿಂದ ಕೂಗುತ್ತಿದ್ದಳು, ಅವನು ಕೆಳಗೆ ಕೂತು ಕೇಳಿಸಿಕೊಳ್ಳುತ್ತಿದ್ದ. ಅಂಕಿ ಒಂದು ಇಳಿದರೂ ಇನ್ನೊಮ್ಮೆ ನೋಡು ಎಂದು ಕೂಗುತ್ತಿದ್ದ. ಮತ್ತೆ ಅದೇ ಮಹಡಿ, ಅದೇ ಮೇಲೆ ಕೆಳಗೆ, ನಡುವೆ ಹತ್ತಲಾಗದ ಮೆಟ್ಟಿಲು. ಅಮ್ಮನ ವಿಷಯದಲ್ಲಿ ತಾನು ಮಲಗಿದ್ದೆ ಎಂದು ಹೇಳಿಕೊಳ್ಳಬಹುದಿತ್ತು. ಈ ಸಲ ಎಚ್ಚರವಾಗಿದ್ದು ಕಾಯುವುದೇ ಅವನ ಪಾಲಿಗೆ ಬಂದಿತ್ತು. ದೊಡ್ಡ ವಿಜ್ಞಾನಿ ಮೆಟ್ಟಿಲಿನ ಮೇಲೆ ಕೂತು ಚಿಕ್ಕ ಮಗುವಿನ ಹಾಗೆ ಹೆದರಿದ್ದ.

ಜ್ವರ ಬಿಟ್ಟ ಸಂಜೆ ಹೇಮ ಬಾಗಿಲ ಹಿಂದೆ ಕುರ್ಚಿ ಎಳೆದುಕೊಂಡು ಕೂತಳು.

“ರೀ, ಕೆಳಗಿದೀರಾ?”

“ಇಲ್ಲೇ ಇದೀನಿ.”

“ಒಂದು ಮಾತು. ಬೈಬೇಡಿ. ಮೊನ್ನೆ ತಿಥಿ ದಿನ ಡಬ್ಬೀಲಿ ಏನೂ ಬರ್ಲಿಲ್ಲ. ಸುಳ್ಳು ಹೇಳ್ದೆ.”

ಮೆಟ್ಟಿಲಿನ ಮೇಲೆ ಕೂತಿದ್ದವನು ತಲೆಯೆತ್ತಿ ಬಾಗಿಲ ಕಡೆ ನೋಡಿದ.

“ನಶ್ಯಾನೂ ಇರ್ಲಿಲ್ಲ, ಅತ್ತೇನೂ ಇರ್ಲಿಲ್ಲ. ಖಾಲಿ. ನಿಮ್ಮ ಮುಖ ನೋಡಿ ಹೇಳೋಕಾಗ್ಲಿಲ್ಲ. ಇಷ್ಟು ವರ್ಷ ಕಾದ್ರಲ್ರೀ.”

ವಿಷಕಂಠ ದಿಗ್ಗನೆ ಎದ್ದು ನಿಂತ. ಅವನ ತಲೆಯಲ್ಲಿ ದಿನಗಳು ಓಡುತ್ತಿದ್ದವು.

“ಹೇಮ! ತಿಥಿ ಆಗಿ ಒಂದು ವಾರಕ್ಕೆ ತಾನೇ ನಿನಗೆ ಲವಂಗ ಬರದೇ ಹೋಗಿದ್ದು? ಊದುಬತ್ತಿಯಿಂದಾಗಿ ನಮಗೆ ಗೊತ್ತಾಗಿದ್ದು ತಡ ಕಣೇ. ತಿಥಿ ದಿನವೇ ನಿನ್ನ ಮೂಗು ಮಂಕಾಗಿತ್ತೋ ಏನೋ! ಸಣ್ಣ ವಾಸನೆ ತಾನೇ ಮೊದಲು ಹೋಗೋದು?”

ಬಾಗಿಲ ಹಿಂದೆ ಕುರ್ಚಿ ಕಿರುಗುಟ್ಟಿತು.

“ಅಂದ್ರೆ ಇರಬಹುದಾ?”

“ಇರಬಹುದು. ಖಾಲಿಯಾಗಿದ್ದು ಡಬ್ಬಿಯೋ ನಿನ್ನ ಮೂಗೋ ನೋಡೋಣ. ಮೂಗು ಬರಲಿ.”

ಆಮೇಲಿನ ದಿನಗಳು ಅವರಿಬ್ಬರಿಗೂ ಬಹಳ ಉದ್ದವಾದವು. ಆ ತಳಿಯಲ್ಲಿ ಹೆಚ್ಚಿನವರಿಗೆ ಕೆಲವೇ ವಾರಗಳಲ್ಲಿ ಮೂಗು ಮರಳುತ್ತಿತ್ತು. ಅಲ್ಲಿಯವರೆಗೆ ಡಬ್ಬಿಯನ್ನು ಮುಟ್ಟಬಾರದೆಂದು ಮಾತಾಯಿತು. ಕಪಾಟಿನ ಮೇಲಿಂದ ಅದು ಅವನನ್ನೇ ನೋಡುತ್ತಿದ್ದ ಹಾಗಿತ್ತು. ಅದರ ಮುಂದೆ ಹಾದುಹೋದಾಗೆಲ್ಲ ಅವನ ಕೈ ಏಳುತ್ತಿತ್ತು, ಮತ್ತೆ ಇಳಿಯುತ್ತಿತ್ತು. ಅಮ್ಮ ಬೇಕೆನ್ನಿಸುತ್ತಿತ್ತು ಅವನಿಗೆ, ಇಷ್ಟು ವಯಸ್ಸಾದ ಮೇಲೂ, ನಾಚಿಕೆಯಿಲ್ಲದೆ.

*

ಕೇರಿಯ ಅಡ್ಡಗಟ್ಟೆ ತೆಗೆದು ಕೆಲವು ದಿನಗಳಾದ ಮೇಲೆ, ಒಂದು ಬೆಳಿಗ್ಗೆ, ಹೇಮ ಬೀದಿಯಲ್ಲಿ ನಿಂತು ಎರಡನೆಯ ಚೀಟಿ ಬಿಚ್ಚಿದಳು.

“ನಿಂಬೆ!” ಎಂದು ಅಲ್ಲಿಂದಲೇ ಕೂಗಿದಳು. “ನಿಂಬೆ ರೀ!”

ಇಬ್ಬರೂ ಒಂದೇ ಉಸಿರಿಗೆ ಅಮ್ಮನ ಕೋಣೆಗೆ ಹೋದರು. ವಿಷಕಂಠ ಡಬ್ಬಿಯನ್ನು ಇಳಿಸಿ ಮಂಚದ ಮೇಲಿಟ್ಟು ಟೇಪು ಬಿಡಿಸಿದ. ಹೇಮ ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಹಸಿರು ಸೀರೆಯ ಮೇಲೆ ಮುಖವಿಟ್ಟಳು.

ಬಹಳ ಹೊತ್ತಾದ ಮೇಲೆ ತಲೆಯೆತ್ತಿದಳು.

“ಇಲ್ಲ,” ಎಂದಳು. “ಖಾಲಿ.”

ಅವಳ ಮೂಗು ಸರಿಯಾಗಿಯೇ ಇತ್ತು. ಬೀದಿಯಲ್ಲಿ ಹೋಗುತ್ತಿದ್ದ ಸಾಕಮ್ಮನ ಬುಟ್ಟಿಯ ಮರುಗ ಕೂಡ ಅವಳಿಗೆ ಅಲ್ಲಿಗೇ ಬರುತ್ತಿತ್ತು. ವಿಷಕಂಠ ಸೀರೆಯನ್ನು ಕೈಗೆ ತೆಗೆದುಕೊಂಡ. ಇನ್ನು ಪೋಲಾಗುವುದಕ್ಕೆ ಏನೂ ಉಳಿದಿಲ್ಲವಲ್ಲ ಎಂದು, ಇಷ್ಟು ವರ್ಷದಲ್ಲಿ ಮೊದಲ ಸಲ, ಅದರಲ್ಲಿ ಮುಖ ಹುದುಗಿಸಿದ. ಅಳುವುದಕ್ಕೆಂದೇ ಹುದುಗಿಸಿದ್ದು. ಉಸಿರೆಳೆದುಕೊಂಡ.

ಏನೋ ಇತ್ತು.

ಟೈರಿನದಲ್ಲ, ಸುಟ್ಟದ್ದಲ್ಲ. ಮೆತ್ತಗೆ, ಬೆಚ್ಚಗೆ ಏನೋ. ಕೊಬ್ಬರಿ ಎಣ್ಣೆಯಂತೆ ಒಂದಿಷ್ಟು, ಒಗೆದ ಬಟ್ಟೆಯಂತೆ ಒಂದಿಷ್ಟು, ಅವುಗಳ ಅಡಿಯಲ್ಲಿ ಹೆಸರಿಲ್ಲದ ಇನ್ನೊಂದು.

“ಇದೆ ಕಣೇ!” ಎಂದು ಕೂಗಿಕೊಂಡ. “ಇದೆ, ಇದೆ! ಅಮ್ಮ ಇದಾಳೆ!”

“ನಿಮಗೆ ಮೂಗು ಬಂತಾ?” ಹೇಮ ಕಂಗಾಲಾಗಿ ಅವನ ತೋಳು ಹಿಡಿದಳು. ಸೀರೆಯನ್ನು ಕಿತ್ತುಕೊಂಡು ಮತ್ತೆ ಮೂಸಿದಳು, ಸೆರಗು, ಅಂಚು, ಮಡಿಕೆ. “ಇಲ್ವಲ್ರೀ. ನನಗೇನೂ ಇಲ್ಲ. ನಿಂಬೆ ಬಂತು, ಮರುಗ ಬಂತು, ಇದರಲ್ಲಿ ಏನೂ ಇಲ್ಲ.”

ವಿಷಕಂಠ ಮತ್ತೊಮ್ಮೆ ಮೂಸಿದ. ಈಗ ಹುಡುಕಿಕೊಂಡು ಮೂಸಿದ. ನಶ್ಯ ಇರಲಿಲ್ಲ. ಸೀಗೆಪುಡಿ ಇರಲಿಲ್ಲ. ಹರಳೆಣ್ಣೆಯೂ ಇರಲಿಲ್ಲ. ಆದರೂ ಇತ್ತು. ಎಂಟೊಂಬತ್ತು ವರ್ಷ ಸತ್ತಿದ್ದ ಮೂಗಿಗೆ ಸಿಗುವಂಥದ್ದು, ಈಗಷ್ಟೇ ನಿಂಬೆ ಹಿಡಿದ ಒಳ್ಳೆಯ ಮೂಗಿಗೆ ಏಕೆ ಸಿಗುತ್ತಿಲ್ಲ?

ಇದಕ್ಕೆ ಉತ್ತರ ಒಂದೇ ಒಂದಿತ್ತು. ಅದನ್ನು ಅವನು ಪ್ರತಿ ವರ್ಷ ಹುಡುಗರಿಗೆ ಪಾಠ ಮಾಡುತ್ತಿದ್ದ. ಮೂಗು ಸದಾ ಜೊತೆಗಿರುವುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೇ ಲೋಕದಲ್ಲಿ ಯಾರಿಗೂ ತಮ್ಮ ವಾಸನೆ ತಮಗೆ ಗೊತ್ತಾಗುವುದಿಲ್ಲ.

ಅವನು ಸೀರೆಯನ್ನು ಕೆಳಗಿಟ್ಟು, ಈ ನಾಲ್ಕೈದು ತಿಂಗಳಲ್ಲಿ ಒಮ್ಮೆಯೂ ಮಾಡದಿದ್ದ ಹಾಗೆ, ಹೇಮಳ ಹೆಗಲ ಮೇಲೆ ಮೂಗಿಟ್ಟು ಉಸಿರೆಳೆದ. ಅದೇ.

“ವರ್ಷಕ್ಕೊಂದೇ ಸಲ ತಾನೇ ತೆಗೀತಿದ್ದಿದ್ದು ನೀನು?” ಎಂದ ಮೆಲ್ಲಗೆ.

ಹೇಮ ತಲೆ ತಗ್ಗಿಸಿದಳು. “ಇಲ್ಲ. ನೀವು ಆಫೀಸಿಗೆ ಹೋದ ಮೇಲೆ ತೆಗೀತಿದ್ದೆ. ಮೊದಮೊದಲು ಇದೆಯೋ ಇಲ್ವೋ ಅಂತ ಹೆದರಿಕೆಗೆ. ಆಮೇಲೆ...” ನಿಲ್ಲಿಸಿ ಮೂಗೊರೆಸಿಕೊಂಡಳು. “ಅತ್ತೆ ನೆನಪಾಗ್ತಿತ್ತು ರೀ. ಇದ್ದಾಗ ಒಂದು ದಿನ ನೆಟ್ಟಗೆ ಮಾತಾಡಿಸ್ಲಿಲ್ಲ ನಾನು. ಇದರ ಮೇಲೆ ಮುಖ ಇಟ್ಕೊಂಡು ಅಳ್ತಿದ್ದೆ. ತುಂಬಾ ಸಲ.”

“ಅದು ನೀನೇ ಕಣೇ. ಸೀರೆ ತುಂಬ ನೀನೇ ಇದೀಯಾ. ನಿನಗೆ ಗೊತ್ತಾಗಲ್ಲ ಅಷ್ಟೇ.”

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಸೀರೆಯಿಂದ ಹಿಂದೆ ಸರಿದಳು. “ಅಯ್ಯೋ, ಹಂಗಾದ್ರೆ ಅತ್ತೇನ ನಾನೇ ಕಳೆದೆನಲ್ರೀ. ನಿಮಗೇಂತ ಇಟ್ಟಿದ್ದನ್ನ ನಾನೇ ಅಳಿಸಿಬಿಟ್ನಲ್ಲ.”

ಹೌದು. ಅಮ್ಮ ಹೋಗಿದ್ದಳು, ಈ ಸಲ ಪೂರ್ತಿ ಹೋಗಿದ್ದಳು. ಇನ್ನು ಯಾವ ಡಬ್ಬಿಯಲ್ಲೂ ಕಾಯುತ್ತಿಲ್ಲ. ವಿಷಕಂಠ ಮಂಚದ ಮೇಲೆ ಕೂತು, ಆಸ್ಪತ್ರೆಯಲ್ಲಿ ಅಳಲಾಗದೆ ಉಳಿದದ್ದನ್ನೆಲ್ಲ ದೊಡ್ಡ ದನಿಯಲ್ಲಿ ಅತ್ತ. ಹೇಮ ಪಕ್ಕದಲ್ಲಿ ಕೂತಳು. ಅವನು ಅಳುತ್ತಲೇ ಅವಳ ಹೆಗಲಿಗೆ ಒರಗಿ ಉಸಿರೆಳೆದುಕೊಳ್ಳುತ್ತಿದ್ದ, ಬಿಡುತ್ತಿದ್ದ, ಮತ್ತೆ ಎಳೆದುಕೊಳ್ಳುತ್ತಿದ್ದ.

ಅಳು ಇಳಿದ ಮೇಲೆ, ಕಾಫಿಯ ಟೈರಿನಿಂದ ಹಿಡಿದು ಅವಳಿಗೆ ಮುಚ್ಚಿಟ್ಟಿದ್ದನ್ನೆಲ್ಲ ಹೇಳಿದ. ಲೋಕದ ಒಂದೊಂದೂ ಈಗ ಸುಟ್ಟು ನಾರುತ್ತದೆ, ಸರಿಹೋಗಲು ಎಷ್ಟು ಕಾಲ ಬೇಕೋ ಗೊತ್ತಿಲ್ಲ ಎಂದ. ಹೇಮ ಕೇಳಿಸಿಕೊಂಡಳು. ಅಭ್ಯಾಸಬಲದಿಂದ ಡಬ್ಬಿಯ ಮುಚ್ಚಳ ಎತ್ತಿಕೊಂಡವಳು, ಅದನ್ನು ಏನು ಮಾಡುವುದೆಂದು ತಿಳಿಯದೆ ಮಡಿಲಲ್ಲಿಟ್ಟುಕೊಂಡಳು.

“ಹೇಗಿದೆ ರೀ?” ಎಂದು ಕೇಳಿದಳು, ಸಂಕೋಚಪಟ್ಟುಕೊಂಡು. “ನನ್ನ ವಾಸನೆ?”

ವಿಷಕಂಠ ಯೋಚಿಸಿದ. ಇಷ್ಟು ವರ್ಷ ವಾಸನೆಗಳಿಗೆ ಹೆಸರಿಟ್ಟು, ಅಳೆದು, ಚೀಟಿಯಲ್ಲಿ ತುಂಬಿ ಊರಿಗೆ ಹಂಚಿದವನಿಗೆ ಒಂದು ಮಾತೂ ಸಿಗಲಿಲ್ಲ.

“ಸುಟ್ಟಿಲ್ಲ,” ಎಂದ. “ನೀನೊಬ್ಬಳು ಸುಟ್ಟಿಲ್ಲ ಕಣೇ.”